ನೀರು ಕಮ್ಮಿ ಐತಿ

ನನಗೆ ಈಜು ಕಲಿಸಿದವರು ಹೋದ ತಿಂಗಳು ತೀರಿಕೊಂಡರು. ನೀರಿನಲ್ಲಲ್ಲ, ಹೊರಸಿನ ಮೇಲೆ. ಸುತ್ತ ಹತ್ತು ಹಳ್ಳಿಯ ಬಾವಿಗಳ ತಳ ಮುಟ್ಟಿ ಮುಷ್ಟಿಯಲ್ಲಿ ಮಣ್ಣು ಹಿಡಿದು ಮೇಲೆ ಬರುತ್ತಿದ್ದ ಮನುಷ್ಯ, ಕಡೆಯ ಒಂದೂವರೆ ವರ್ಷ ಮೊಣಕಾಲುದ್ದದ ಹಳ್ಳಕ್ಕೂ ಇಳಿಯಲಿಲ್ಲ. ಜಡ್ಡಿನಿಂದ ಹಾಗಾಯಿತು ಎಂದು ಊರಿನವರು ಹೇಳುತ್ತಾರೆ. ಅದು ಅರ್ಧ ನಿಜ. ಉಳಿದ ಅರ್ಧ ನನಗೆ ಗೊತ್ತಿದೆ, ಯಾಕೆಂದರೆ ಅದು ನನ್ನ ಬಾಯಿಂದಲೇ ಬಂದದ್ದು.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವರ ಹೆಂಡತಿಯನ್ನು ಕೇಳಿದೆ. "ಬ್ಯಾಡ್ರಿ. ಹೊಟ್ಟೀ ಚೀಲದ ಸುದ್ದಿ ಮಂದಿ ಬಾಯಾಗ ಹಾಕಬ್ಯಾಡ ಅಂತಿದ್ರು. ಬರೀರಿ, ಹೆಸ್ರು ಬಿಟ್ಟು ಬರೀರಿ," ಎಂದರು. ಬಿಟ್ಟಿದ್ದೇನೆ. ನಾನು ಅವರನ್ನು ಕರೆಯುತ್ತಿದ್ದದ್ದು ಕಾಕಾ, ಅಂದರೆ ಚಿಕ್ಕಪ್ಪ, ಎಂದು; ಇಲ್ಲಿಯೂ ಅದೇ ಇರಲಿ.

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮೂರು ಹಿರೇಕೆರೂರು ತಾಲೂಕಿನಲ್ಲಿ, ಹಂಸಭಾವಿಯ ದಾರಿಯಲ್ಲಿ ಬರುತ್ತದೆ. ಅಲ್ಲಿ ಅಣ್ಣ ಹೊಲ ನೋಡಿಕೊಂಡಿದ್ದಾನೆ. ಹೊಲದಲ್ಲಿ ಅಜ್ಜನ ಕಾಲದ ಬಾವಿಯಿದೆ. ಚೌಕಾಕಾರದ ಕಲ್ಲಿನ ಬಾವಿ, ಒಂದು ಮಗ್ಗುಲಿಗೆ ಮೆಟ್ಟಿಲು. ಬೇಸಿಗೆ ಸೂಟಿಯಲ್ಲಿ ಊರಿನ ದೊಡ್ಡ ಮನೆಗಳ ಹುಡುಗರನ್ನೆಲ್ಲ ಆ ಬಾವಿಗೆ ತಂದು ಬಿಡುತ್ತಿದ್ದರು. ಈಜು ಕಲಿಸುವ ಕೆಲಸ ಕಾಕಾನದು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಊರ ಹೊರಗಿನ ಓಣಿಯವರು, ನಮ್ಮ ಹೊಲದಲ್ಲಿ ಕೂಲಿಗಿದ್ದರು. ಮುಂದೆ ಪಂಚಾಯ್ತಿಯಲ್ಲಿ ವಾಟರ್‌ಮನ್ ಆದರು, ಅವರ ಓಣಿಯವರು ಬೌದ್ಧರಾದರು, ಅವರ ಪಡಸಾಲೆಯ ಗೋಡೆಗೆ ಬುದ್ಧನ ಫೋಟೊ ಬಂತು. ಅದೆಲ್ಲ ಆಮೇಲಿನ ಮಾತು.

ಕಲಿಸುವುದರಲ್ಲಿ ಅವರದೊಂದು ಯುಕ್ತಿಯಿತ್ತು. ಎಲ್ಲರೂ ಮಾಡುವಂತೆ ಅವರೂ ಒಣಗಿದ ಸೋರೆ ಬುರುಡೆಯನ್ನು ಬೆನ್ನಿಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಆದರೆ ಬುರುಡೆಗೆ ಹೆಬ್ಬೆರಳಿನಷ್ಟು ತೂತು ಮಾಡಿ, ಬೆಣೆ ಹೊಡೆದು, ಮೇಣ ಮೆತ್ತಿರುತ್ತಿದ್ದರು. ಮೊದಲ ದಿನ ಬುರುಡೆ ಖಾಲಿ. ಮರುದಿನ ನಮಗೆ ಗೊತ್ತಾಗದಂತೆ ಅದರೊಳಗೆ ಒಂದು ಬೊಗಸೆ ನೀರು. ಮೂರನೆಯ ದಿನ ಇನ್ನೊಂದು ಬೊಗಸೆ. ಹನ್ನೆರಡನೆಯ ದಿನ ನಾನು ಬಾವಿಯ ನಟ್ಟನಡುವೆ ಕೈಕಾಲು ಬಡಿಯುತ್ತಿದ್ದಾಗ ಹತ್ತಿರ ಈಜಿ ಬಂದು, ಹಗ್ಗ ಬಿಚ್ಚಿ, ಬೆಣೆ ಕಿತ್ತು, ಬುರುಡೆಯನ್ನು ನನ್ನ ನೆತ್ತಿಯ ಮೇಲೆ ಬಗ್ಗಿಸಿದರು. ಗಳಗಳ ಎಂದು ನೀರು ಸುರಿಯಿತು.

"ನೋಡ್ಲೇ ತಮ್ಮಾ. ಬುರುಡಿ ನಿನ್ನ ಹೊತ್ತಿದ್ದಿಲ್ಲ. ನೀನ ಬುರುಡಿ ಹೊತ್ತಿದ್ದಿ."

ಒಂಬತ್ತು ವರ್ಷದವನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ. ಮನೆಗೆ ಬಂದವನೇ ಅಂಗಳದಲ್ಲಿ ನಿಂತು, "ಆಯೀ, ನಾ ಈಸಿದ್ನಿ, ಕಾಕಾ ಬುರುಡಿ ಬಿಚ್ಚಿದಾ!" ಎಂದು ಕೂಗಿದೆ. ಅಜ್ಜಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಅಂವ ಯಾವ ಸೀಮಿ ಕಾಕಾನೋ ನಿನಗ?" ಎಂದಳು. ಕಾಕಾ ಆಗ ಬಾಗಿಲ ಹೊರಗೇ ನಿಂತಿದ್ದರು, ನನ್ನ ಒದ್ದೆ ಚಡ್ಡಿ ಹಿಡಿದುಕೊಂಡು. ಚಡ್ಡಿಯನ್ನು ಕಟ್ಟೆಯ ಮೇಲಿಟ್ಟು ಹೋದರು. ಮರುದಿನ ನೀರಿನಲ್ಲಿ ನನ್ನ ಕಿವಿ ಹಿಂಡಿ ಹೇಳಿದರು: "ನೀರಾಗ ಅಷ್ಟ ಅನ್ನು ತಮ್ಮಾ. ಮ್ಯಾಲ ಬ್ಯಾಡ. ಮ್ಯಾಲಿನ ಕಾಯ್ದೆ ಬ್ಯಾರೆ."

ಆ ಕಾಯ್ದೆಯನ್ನು ಅವರೂ ಪಾಲಿಸುತ್ತಿದ್ದರು. ನೀರಿನಲ್ಲಿ ನಾನು ತಮ್ಮಾ, ಮೇಲೆ ಬಂದರೆ ಸಣ್ಣಗೌಡ್ರು. ನಮ್ಮನ್ನೆಲ್ಲ ಈಜಿಸಿ ಸುಸ್ತಾಗಿ ಮೇಲೆ ಬಂದವರಿಗೆ ಅವ್ವ ಕುಡಿಯಲು ನೀರು ಕೊಡುತ್ತಿದ್ದಳು, ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ಬೊಗಸೆಗೆ. ಅದೇ ಬಾವಿಯ ನೀರು. ಅವರು ಮುಳುಗಿ ಎದ್ದು ಬಂದ ನೀರು. ಇದರಲ್ಲೇನೋ ಲೆಕ್ಕ ತಪ್ಪಿದೆ ಎಂದು ನನಗೆ ಹೊಳೆಯಲು ಬಿ.ಎಸ್‌ಸಿ. ಮುಗಿಯಬೇಕಾಯಿತು. ಹೊಳೆದ ಮೇಲೆ ನನ್ನ ಬಗ್ಗೆ ನನಗೆ ಬಹಳ ಹೆಮ್ಮೆಯಾಯಿತು. ಅಜ್ಜಿ ತೀರಿಕೊಂಡಿದ್ದಳು, ಎದುರು ಹೇಳುವವರು ಯಾರೂ ಇರಲಿಲ್ಲ. ನಾನು ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ನಾಲ್ಕು ಜನರೆದುರು ಕಾಕಾ ಎಂದು ಕರೆಯತೊಡಗಿದೆ. ಅವರು ಮೊದಮೊದಲು ಆಚೀಚೆ ನೋಡುತ್ತಿದ್ದರು. ಆಮೇಲೆ ಅವರೂ ನೆಲದ ಮೇಲೆ ತಮ್ಮಾ ಎನ್ನಲು ಶುರುಮಾಡಿದರು.

ವಾಟರ್‌ಮನ್ ಕೆಲಸದ ಜೊತೆಗೆ ಬಾವಿಯ ಕೆಲಸಗಳು ಅವರನ್ನು ಬಿಡಲಿಲ್ಲ. ಬಾವಿಗೆ ಬಿದ್ದ ಕೊಡ, ಹಗ್ಗ, ಒಮ್ಮೆ ಒಂದು ಸೈಕಲ್ಲು. ಪಂಪಿನ ಪೈಪಿನ ತುದಿಯಲ್ಲಿ ನೀರೊಳಗೆ ಫುಟ್‌ವಾಲ್ವ್ ಎಂದು ಇರುತ್ತದೆ. ಎಲೆ, ಕಸ ಸಿಕ್ಕಿ ಅದು ಕಟ್ಟಿಕೊಂಡರೆ ಪಂಪು ಎಷ್ಟು ಕೂಗಿದರೂ ನೀರು ಬರುವುದಿಲ್ಲ. ಆಗ ಒಬ್ಬರು ಉಸಿರು ಹಿಡಿದು ತಳಕ್ಕೆ ಹೋಗಿ ಬೆರಳಿನಿಂದ ಕಸ ಕೀಳಬೇಕು. ಆ ಒಬ್ಬರು ಯಾವಾಗಲೂ ಇವರೇ. ಬಿದ್ದು ಸತ್ತವರನ್ನು ತೆಗೆಯಲೂ ಪೊಲೀಸರು ಇವರನ್ನೇ ಕರೆಯುತ್ತಿದ್ದರು. ಹೆಣವನ್ನು ಮೇಲೆ ತಂದೊಡನೆ ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಅದರ ಮುಖಕ್ಕೆ ಹೊದಿಸಿ ಅತ್ತ ನಡೆದುಬಿಡುತ್ತಿದ್ದರು. ಯಾರು, ಯಾಕೆ ಬಿದ್ದರು ಎಂಬ ಮಾತಿಗೆ ನಿಲ್ಲುತ್ತಿರಲಿಲ್ಲ.

ನೀರಿಗಿಳಿಯುವ ಮೊದಲು ಅಂಗೈಯಿಂದ ಮೂರು ಸಲ ನೀರನ್ನು ತಟ್ಟುವುದು ಅವರ ರೂಢಿ. ಯಾಕೆ ಕಾಕಾ ಎಂದರೆ, "ಒಳಗಿದ್ದವ್ರಿಗೆ ಬಂದ್ನಿ ಅಂತ ಹೇಳಬೇಕಲ್ಲ. ಮೀನ ಇರ್ತಾವ, ಕಪ್ಪಿ ಇರ್ತಾವ. ಅವರ ಮನಿ ಅದು. ಕೇಳದ ಹೊಕ್ಕರ ಚಲೋ ಅಲ್ಲ," ಎನ್ನುತ್ತಿದ್ದರು.

ಎರಡೂವರೆ ವರ್ಷದ ಹಿಂದೆ ಅವರಿಗೆ ಬಹಿರ್ದೆಸೆಯಲ್ಲಿ ರಕ್ತ ಕಾಣಿಸಿತು. ನಮ್ಮ ಕಡೆ ಇಂಥದ್ದಕ್ಕೆಲ್ಲ ಒಂದೇ ಹೆಸರು, ಉಷ್ಣ. ಮಜ್ಜಿಗೆ ಕುಡಿದರು, ಎಳನೀರು ಕುಡಿದರು, ನೆತ್ತಿಗೆ ಹರಳೆಣ್ಣೆ ಇಟ್ಟುಕೊಂಡರು. "ದಿನಾ ನೀರಾಗ ಇರೂ ಮನಷ್ಯಾಗ ಎಂಥಾ ಉಷ್ಣೋ ಮಾರಾಯಾ" ಎಂದು ಚಹಾದಂಗಡಿಯವರು ನಕ್ಕರು, ಅವರೂ ನಕ್ಕರು. ಆಮೇಲೆ ಉಷ್ಣ ಹೋಗಿ ಮೂಲವ್ಯಾಧಿಯಾಯಿತು. ಸವಣೂರಿನ ಆಚೆಯ ಒಂದು ಹಳ್ಳಿಯಲ್ಲಿ ಯಾರೋ ಸೊಪ್ಪಿನ ಔಷಧಿ ಕೊಡುತ್ತಾರೆಂದು ಎಂಟು ತಿಂಗಳು ಅಲ್ಲಿಗೆ ಓಡಾಡಿದರು. ಬದನೆಕಾಯಿ ಬಿಟ್ಟರು, ಖಾರ ಬಿಟ್ಟರು. ರಕ್ತ ನಿಲ್ಲಲಿಲ್ಲ. ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಜೀರ್ಣಾಂಗದ ಚಿತ್ರ ಬಿಡಿಸಿ, ದೊಡ್ಡ ಕರುಳಿಗೆ ಬಾಣದ ಗುರುತು ಎಳೆದು, ಪರೀಕ್ಷೆಗೆ ಇದು ಬಂದೇ ಬರುತ್ತದೆ ಎಂದು ಹೇಳುವ ಮನುಷ್ಯ. ಅವರ ತೂಕ ಇಳಿಯುತ್ತಿದ್ದದ್ದನ್ನು ಕಣ್ಣಾರೆ ನೋಡಿಯೂ ನಾನು ಹೇಳಿದ್ದು, "ಕಾಕಾ, ನೀರು ಜಾಸ್ತಿ ಕುಡೀರಿ."

ಹುಬ್ಬಳ್ಳಿಗೆ ಹೋಗುವ ಹೊತ್ತಿಗೆ ಗಡ್ಡೆ ಬಲಿತಿತ್ತು. ಕರುಳಿನ ಕೆಳಗಿನ ತುಂಡನ್ನೇ ತೆಗೆದರು. ಉಳಿದದ್ದರ ತುದಿಯನ್ನು ಹೊಟ್ಟೆಯ ಎಡಮಗ್ಗುಲಿಗೆ ತೂತು ಮಾಡಿ ಹೊರಗೆ ತಂದು ಹೊಲಿದರು. ಮುಂದೆ ಮಲ ಬರುವುದು ಅಲ್ಲಿಂದಲೇ, ಅದರ ಸುತ್ತ ಚರ್ಮಕ್ಕೆ ಅಂಟಿಸಿದ ಒಂದು ಚೀಲದೊಳಕ್ಕೆ. ಕೆಲವು ದಿನಕ್ಕಲ್ಲ, ಇರುವ ತನಕ. ಚೀಲ ಅಂಟಿಸುವುದನ್ನು, ಬಿಚ್ಚುವುದನ್ನು ಆಸ್ಪತ್ರೆಯ ಸಿಸ್ಟರ್ ಒಬ್ಬರು ಅವರ ಹೆಂಡತಿಗೆ ಕಲಿಸಿ ಕಳಿಸಿದ್ದರು.

ನೋಡಲು ಹೋದೆ. ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ನಾನು ಗೋಡೆಯ ಮೇಲಿನ ಬುದ್ಧನನ್ನು ನೋಡುತ್ತಿದ್ದೆ. ಅವರೇ ಅಂಗಿ ಎತ್ತಿ ತೋರಿಸಿದರು.

"ಬರ್ರಿ ತಮ್ಮಾ, ಕುಂದರ್ರಿ. ಹೆದರಬ್ಯಾಡ್ರಿ. ಊರ ಹುಡುಗರಿಗೆಲ್ಲಾ ನಾ ಬುರುಡಿ ಕಟ್ಟಿದ್ನಿ. ಈಗ ಡಾಕ್ಟರ ನನಗ ಒಂದು ಬುರುಡಿ ಕಟ್ಟ್ಯಾರ."

ಆಸ್ಪತ್ರೆಯಿಂದ ಬರುವಾಗ ಆ ಸಿಸ್ಟರ್ ನೂರು ಮಾತು ಹೇಳಿ ಕಳಿಸಿರಬೇಕು. ಭಾರ ಎತ್ತಬೇಡಿ, ಕೆಮ್ಮುವಾಗ ಹೊಟ್ಟೆ ಒತ್ತಿ ಹಿಡಿಯಿರಿ, ದಿನಾ ನಡೆಯಿರಿ. ಕಾಕಾ ಹಿಡಿದುಕೊಂಡದ್ದು ಒಂದನ್ನೇ. ಗಾಯ ಪೂರ್ತಿ ಮಾಯ್ದ ಮೇಲೆ, ಮೈಯಲ್ಲಿ ತ್ರಾಣ ಬಂದ ಮೇಲೆ, ಈಜಲೂಬಹುದು. ಚೀಲಕ್ಕೆ ನೀರಿನಿಂದ ಏನೂ ಆಗುವುದಿಲ್ಲ. "ಖರೇನ ಅಂದಾರ ತಮ್ಮಾ. ಎರಡ ಸಲ ಕೇಳೇನಿ. ಈಸಬಹುದು ಅಂದಾರ."

ಕಿಮೋ ಮುಗಿಯಲು ಅರ್ಧ ವರ್ಷ ಹಿಡಿಯಿತು. ಅದರ ನಡುವೆಯೇ ನಡೆಯಲು ಶುರುಮಾಡಿದ್ದರು. ಅಳತೆ ಕರೆಂಟಿನ ಕಂಬಗಳದ್ದು. ಮೊದಲ ದಿನ ಎರಡು ಕಂಬ ನಡೆದು, ಮೂರನೆಯದರ ಬುಡದಲ್ಲಿ ಕುಳಿತುಬಿಟ್ಟರಂತೆ, ಹೆಂಡತಿ ಹೋಗಿ ಎಬ್ಬಿಸಿ ತಂದರಂತೆ. ಆಮೇಲೆ ಪ್ರತಿ ರವಿವಾರ ಮುಂಜಾನೆ ನನಗೆ ಫೋನು. ಆರಾಮೇನು ಎಂಬ ಮಾತಿಲ್ಲ, "ತಮ್ಮಾ, ಏಳು ಕಂಬ." ಮುಂದಿನ ವಾರ, "ಹನ್ನೊಂದು." ಕಿಮೋ ಆದ ವಾರ, "ಈ ವಾರ ನಾಕ ಅಷ್ಟ. ಇರ್ಲಿ." ಚೀಲದ ಪಕ್ಕ ಹೊಟ್ಟೆ ಉಬ್ಬಿಕೊಳ್ಳದಿರಲೆಂದು ಹಳೆಯ ಧೋತರ ಹರಿದು, ಚೀಲಕ್ಕೆ ಸರಿಯಾಗಿ ತೂತು ಬಿಟ್ಟು, ನಡುಪಟ್ಟಿ ಹೊಲಿಸಿಕೊಂಡಿದ್ದರು. ಹೊರಸಿನ ಮೇಲೆ ಅಂಗಾತ ಮಲಗಿ ಗಾಳಿಯಲ್ಲೇ ಕೈ ಬೀಸಿ ಈಜುತ್ತಿದ್ದರಂತೆ. "ನೋಡಿದವ್ರು ಜೀವ ಹೊಂಟೈತಿ ಅನ್ಕೋಬೇಕ್ರಿ, ಹಂಗ ಕೈ ಬಡೀತಾರ," ಎಂದು ಹೆಂಡತಿ ಹೇಳುತ್ತಿದ್ದರು.

ನಡೆಯುವಾಗ ಚೀಲದಲ್ಲಿ ಗಾಳಿ ತುಂಬುತ್ತಿತ್ತು. ಸಪ್ಪಳವೂ ಆಗುತ್ತಿತ್ತು, ಯಾವಾಗ ಆಗುತ್ತದೆಂದು ಹೇಳಲು ಬರುವುದಿಲ್ಲ. ಅವರು ಗಟ್ಟಿಯಾಗಿ ಕೆಮ್ಮಿ ಮುಚ್ಚಿಹಾಕಲು ನೋಡುತ್ತಿದ್ದರು, ಆದರೆ ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳಬೇಕು, ಹಿಡಿದುಕೊಂಡರೆ ಎಲ್ಲರ ಕಣ್ಣೂ ಅಲ್ಲಿಗೇ. ಚಹಾದಂಗಡಿಯ ಬೆಂಚಿನಲ್ಲಿ ಅವರು ಕುಳಿತ ಕಡೆ ಜಾಗ ತಾನಾಗಿ ಅಗಲವಾಗತೊಡಗಿತು. ಯಾರೂ ಏನೂ ಅನ್ನಲಿಲ್ಲ. ಕಪ್ಪು ಮಾತ್ರ ಕಾಗದದ್ದು ಬಂತು. ಉಳಿದವರಿಗೆ ಗಾಜಿನ ಗ್ಲಾಸು. "ಭಾಳ ವರ್ಷದ ಮ್ಯಾಲ ಬ್ಯಾರೆ ಕಪ್ಪು ನೋಡಿದ್ನಿ," ಎಂದು ನನಗೆ ಹೇಳಿದರು. ಆ ದಿನದಿಂದ ಚಹಾ ಬಿಟ್ಟರು. ನಡೆಯುವುದನ್ನು ಬಿಡಲಿಲ್ಲ.

ಒಂದು ದಿನ ಫೋನಿನಲ್ಲಿ ಅವರ ಧ್ವನಿ ಬಿದ್ದುಹೋಗಿತ್ತು. ಚೀಲದಲ್ಲಿ ಕೆಂಪು ಬಂದಿದೆ, ಜಡ್ಡು ಮತ್ತೆ ಬಂತು ಎಂದರು. ನಾನು ಮೋಟರ್‌ಸೈಕಲ್ ಹತ್ತಿ ಹೋದೆ. ಹೆಂಡತಿ ಬಾಗಿಲಲ್ಲಿ ಕುಳಿತು ಅಳುತ್ತಿದ್ದರು. ನಿನ್ನೆ ಏನು ಉಂಡಿದ್ದಿರಿ ಎಂದು ಕೇಳಿದೆ. ಬೀಟ್‌ರೂಟ್ ಪಲ್ಯ. ನಾನು ನಕ್ಕೆ, ಅವರು ನಕ್ಕರು, ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಆ ಒಂದೂವರೆ ವರ್ಷದಲ್ಲಿ ಆ ಮನೆಯಲ್ಲಿ ನಾನು ಕೇಳಿದ ದೊಡ್ಡ ನಗೆ ಅದೊಂದೇ.

ಆದರೆ ಅವರು ವಾಟರ್‌ಮನ್. ನಕ್ಕು ಬಿಡುವ ಪೈಕಿ ಅಲ್ಲ. ಪೈಪಿನ ಜಾಯಿಂಟು ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗದಿದ್ದಾಗ ಒಳಗೆ ಬಣ್ಣದ ನೀರು ಬಿಟ್ಟು, ಹೊರಗೆ ಎಲ್ಲಿ ಬಣ್ಣ ಕಾಣುತ್ತದೆಂದು ಕಾಯುವುದು ಅವರ ಹಳೆಯ ಪದ್ಧತಿ. ಮುಂದಿನ ರವಿವಾರ ಫೋನಿನಲ್ಲಿ ಕಂಬದ ಲೆಕ್ಕವಿಲ್ಲ. "ತಮ್ಮಾ, ಬಿಡುವಿದ್ರ ಬರ್ರಿ. ಒಂದು ಪರೀಕ್ಷೆ ಐತಿ. ಸೈನ್ಸ್ ಮಾಸ್ತರ ಬೇಕು."

ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದ ಸಿಮೆಂಟಿನ ದೊಡ್ಡ ಡೋಣಿಯಿತ್ತು. ಯಾವುದೋ ಹಳೆಯ ಫ್ಲೆಕ್ಸ್ ಬ್ಯಾನರನ್ನು ಮಗುಚಿ, ಬಿಳಿಯ ಬೆನ್ನು ಮೇಲೆ ಬರುವಂತೆ ಅದರೊಳಗೆ ಹಾಸಿ, ತುಂಬ ತಿಳಿನೀರು ತುಂಬಿಸಿದ್ದರು. ಹೆಂಡತಿ ಹೊಸ ಚೀಲ ಅಂಟಿಸಿ, ಅದರ ಕೆಳಬಾಯಿಯಿಂದ ಬೀಟ್‌ರೂಟಿನ ರಸ ಹೊಯ್ದು ಕ್ಲಿಪ್ಪು ಹಾಕಿದರು. ಕಾಕಾ ಚಡ್ಡಿಯಲ್ಲಿ ಡೋಣಿಯ ಹತ್ತಿರ ಬಂದು, ಬಾಗಿ, ನೀರನ್ನು ಮೂರು ಸಲ ತಟ್ಟಿದರು. ಅದರಲ್ಲಿ ಮೀನೂ ಇರಲಿಲ್ಲ, ಕಪ್ಪೆಯೂ ಇರಲಿಲ್ಲ. ಆಮೇಲೆ ಒಳಗಿಳಿದು ಕುಳಿತರು. ಎದೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ಒಂದು ತಾಸು ಕೈ ಬೀಸಿದರು, ಕಾಲು ಒದ್ದರು, ಮಗ್ಗುಲಾದರು, ಬೇಕೆಂದೇ ಕೆಮ್ಮಿದರು. ನಾನು ಕುರ್ಚಿ ಹಾಕಿಕೊಂಡು ನೀರನ್ನೇ ನೋಡುತ್ತಿದ್ದೆ.

"ಸೋರೇತೇನು ತಮ್ಮಾ?"

"ಇಲ್ಲ ಕಾಕಾ."

"ಸರ್ಯಾಗಿ ನೋಡ್ರಿ. ಒಂದು ಹನಿ ಕೆಂಪ ಕಂಡ್ರೂ ಹೇಳ್ರಿ."

"ಒಂದ ಹನೀನೂ ಇಲ್ಲ."

ಮೂರು ರವಿವಾರ ಹೀಗೆ ನಡೆಯಿತು. ಮೂರು ಸಲವೂ ನೀರು ಹಾಕಿದ ಹಾಗೇ ತಿಳಿಯಾಗಿತ್ತು, ಮೂರು ಸಲವೂ ನಾನೇ ನೋಡಿ ಹೇಳಿದೆ. ಮೂರನೆಯ ದಿನ ಮೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಅವರು ಕೇಳಿದರು: "ಹಂಗಾರ ತಮ್ಮಾ, ನಿಮ್ಮ ಬಾವಿಗೆ ಒಮ್ಮೆ ಇಳೀಲ್ಯಾ? ಒಂದ ಸುತ್ತು. ಈ ದಡದಿಂದ ಆ ದಡ. ಅಷ್ಟ."

ಆ ಮೂರು ವಾರ ಅವರು ಆ ಡೋಣಿಯಲ್ಲಿ ಕುಳಿತದ್ದು ಈ ಪ್ರಶ್ನೆಗಾಗಿ ಎಂದು ಆಗ ನನಗೆ ಅರ್ಥವಾಯಿತು. ಹೂಂ ಎನ್ನಬೇಕಿತ್ತು. ಅಣ್ಣನನ್ನು ಒಂದು ಮಾತು ಕೇಳಿ ಹೇಳುತ್ತೇನೆ ಎಂದೆ.

ಅಣ್ಣ ಕೆಟ್ಟವನಲ್ಲ. ಕಾಕಾನ ಆಪರೇಷನ್ನಿಗೆ ಹುಬ್ಬಳ್ಳಿಗೆ ಕಾರು ಕಳಿಸಿದವನು ಅವನೇ. ಮಾತು ಕೇಳಿ ಬಹಳ ಹೊತ್ತು ಹಲ್ಲುಕಡ್ಡಿ ಆಡಿಸಿದ. "ನನಗೇನಿಲ್ಲಪಾ. ಆದ್ರ ಆ ನೀರ ಆಳುಮಂದಿ ಕುಡೀತಾರ. ಮನಿಗೂ ಎರಡ ಕೊಡ ಬರ್ತೈತಿ. ನಿಮ್ಮ ವೈನಿ ಬಾವಿ ಪೂಜಿ ಮಾಡಾಕಿ. ನಾಳೆ ಯಾರರ ಹೊಟ್ಟಿ ಕೆಟ್ಟು ಕುಂತ್ರ? ಹೊಲಸ ಅಂದ್ರ ಹೊಲಸ ನೋಡು." ಚೀಲ ಸೋರುವುದಿಲ್ಲ, ನಾನೇ ಮೂರು ಸಲ ನೋಡಿದ್ದೇನೆ ಎಂದೆ. "ನೀ ನೋಡಿ. ಮಂದಿ ನೋಡ್ಯಾರೇನು?" ಎಂದ. ಅದರಾಚೆ ನಾನು ವಾದ ಮಾಡಲಿಲ್ಲ. ನಿಜ ಹೇಳಬೇಕೆಂದರೆ ವಾದಕ್ಕೆ ನನ್ನಲ್ಲೇ ಗಟ್ಟಿತನವಿರಲಿಲ್ಲ. ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತು ತಂಬಿಗೆ ಎತ್ತಿದಾಗ ಆ ನೀರು ಎಲ್ಲಿಂದ ಬಂದದ್ದೆಂದು ನಾನೂ ಒಂದು ಗಳಿಗೆ ಯೋಚಿಸಿದೆ. ದನ ತೊಳೆದ ನೀರು ಅದಕ್ಕೇ ಇಳಿಯುತ್ತದೆ, ಹಕ್ಕಿಗಳು ಹಿಕ್ಕೆ ಹಾಕುತ್ತವೆ, ಹಾವು ಕಪ್ಪೆ ಅದರಲ್ಲೇ ಸಾಯುತ್ತವೆ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಯೋಚಿಸಿದೆ.

ಮರುದಿನ ಮುಂಜಾನೆ ಕಾಕಾನ ಮನೆಗೆ ಹೋದೆ. ನಿಲ್ಲುವ ಮೊದಲೇ ಹೇಳಿಬಿಟ್ಟೆ: "ಕಾಕಾ, ಬಾವ್ಯಾಗ ನೀರು ಕಮ್ಮಿ ಐತಿ. ಮಳಿಗಾಲ ಬರ್ಲಿ, ತುಂಬಿದ ಮ್ಯಾಲ ನೋಡೋಣು."

ಅವರು ನನ್ನ ಮುಖ ನೋಡಿದರು. "ಎಷ್ಟ ಮೆಟ್ಲ ಕಾಣ್ತಾವ?"

ನಮ್ಮ ಬಾವಿಯಲ್ಲಿ ನೀರಿನ ಲೆಕ್ಕ ಹಾಗೆ. ನೀರು ಇಳಿದಷ್ಟೂ ಮೆಟ್ಟಿಲು ಕಾಣುತ್ತವೆ. ನಾನು ಬಾವಿಯ ಕಡೆ ಹೋಗಿಯೇ ಇರಲಿಲ್ಲ. "ಹದಿನಾಲ್ಕು" ಎಂದೆ.

ಅವರು ಹೆಗಲ ಟವೆಲ್ಲಿನಿಂದ ಕುರ್ಚಿ ಒರೆಸಿ ನನ್ನ ಕಡೆ ಸರಿಸಿದರು. "ಹೌದ್ರಿ. ಹದಿನಾಲ್ಕು ಅಂದ್ರ ಕಮ್ಮೀನ ಆತ್ರಿ. ಕುಂದರ್ರಿ ಗೌಡ್ರ. ಚಾ ಮಾಡಸ್ತೇನಿ."

ಆಮೇಲೆ ಅವರು ನನ್ನನ್ನು ತಮ್ಮಾ ಎನ್ನಲಿಲ್ಲ.

ಹೆಂಡತಿ ನನಗೆ ಮೊನ್ನೆ ಹೇಳಿದ್ದು: ಆ ದಿನ ನಾನು ಹೋಗುವ ಮೊದಲೇ ಅವರು ನಮ್ಮ ಹೊಲದ ತನಕ ನಡೆದು ಬಾವಿ ನೋಡಿ ಬಂದಿದ್ದರಂತೆ. ಮೂವತ್ತೊಂದು ಕಂಬ, ಅವರು ನಡೆದದ್ದರಲ್ಲಿ ಅದೇ ಹೆಚ್ಚು. ಬಂದವರೇ, "ಒಂಬತ್ತ ಮೆಟ್ಲ ಕಾಣ್ತಾವ. ನೀರು ಚಲೋ ಐತಿ" ಎಂದು ಹೇಳಿ, ಬೆವರು ಒರೆಸಿಕೊಂಡು, ನನ್ನ ದಾರಿ ನೋಡುತ್ತ ಕುಳಿತಿದ್ದರಂತೆ.

ಒಂದು ತಿಂಗಳ ಮೇಲೆ ಅವರು ಯಾರಿಗೂ ಹೇಳದೆ ಬಸ್ಸು ಹಿಡಿದು ಮಾಸೂರಿಗೆ ಹೋದರು. ಮದಗದ ಕೆರೆ ದೊಡ್ಡದು, ಅಲ್ಲಿ ಅವರ ಗುರುತಿನವರಿಲ್ಲ. ಚಡ್ಡಿ, ಟವೆಲ್ಲು, ನಡುಪಟ್ಟಿ ಎಲ್ಲ ಕೈಚೀಲದಲ್ಲಿ ಒಯ್ದಿದ್ದರು. ಅರ್ಧ ದಿನ ದಡದ ಮೇಲೆ ಕುಳಿತು ಹಾಗೇ ವಾಪಸು ಬಂದರು. ಯಾಕೆ ಇಳಿಯಲಿಲ್ಲ ಎಂದು ಕೇಳಿದೆ.

"ಹೆಣ್ಣಮಕ್ಕಳು ಅರಿವಿ ಒಗ್ಯಾಕತ್ತಿದ್ರು. ಅವರಿಗೆ ಹೇಳಿದ್ರ ಎದ್ದು ಹೋಗ್ತಾರ. ಹೇಳದ ಇಳದ್ರ ಕಳುವು ಮಾಡಿದಂಗ ಆಗ್ತೈತಿ. ಗುರುತಿದ್ದವ್ರ ಬ್ಯಾಡ ಅಂದ ಮ್ಯಾಲ, ಗುರುತಿಲ್ಲದವ್ರಿಗೆ ಹೆಂಗ ಕೇಳೂದ್ರಿ ಗೌಡ್ರ?"

ಯಾರು ಬೇಡ ಅಂದರು ಕಾಕಾ, ನೀರು ಕಡಿಮೆ ಇತ್ತು ಎಂದು ನಾನು ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು. ಪುಣ್ಯಕ್ಕೆ ಆ ಸುಳ್ಳನ್ನು ಎರಡನೆಯ ಸಲ ಹೇಳುವುದು ತಪ್ಪಿತು.

ರವಿವಾರದ ಫೋನು ನಿಂತಿತು. ನಾನೇ ಮಾಡಿ ಎಷ್ಟು ಕಂಬ ಎಂದು ಕೇಳಿದರೆ, "ಎದಕ್ಕ ಎಣಸೂದ್ರಿ?" ಎನ್ನುತ್ತಿದ್ದರು. ಮುಂಗಾರು ಶುರುವಾಗುವ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿ, ಜಡ್ಡು ಲಿವರಿಗೆ ಹೋಗಿದೆ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದು ಕಳಿಸಿದರು. ಈಜಿದ್ದರೆ ಅದು ಬರುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ವಿಜ್ಞಾನ ಓದಿದವನಿಗೆ ಅಷ್ಟು ಸುಲಭದ ಶಿಕ್ಷೆಯನ್ನೂ ತನಗೆ ಕೊಟ್ಟುಕೊಳ್ಳಲು ಬರುವುದಿಲ್ಲ. ಅದು ಹೇಗಿದ್ದರೂ ಬರುತ್ತಿತ್ತು. ಬರುವ ಮೊದಲು ಅವರ ಕೈಯಲ್ಲಿ ಎರಡು ಮೂರು ತಿಂಗಳ ತ್ರಾಣ ಇತ್ತು, ಮೂವತ್ತೊಂದು ಕಂಬದಷ್ಟು. ಅದು ಡೋಣಿಯಲ್ಲಿ ಖರ್ಚಾಯಿತು.

ಈ ಸಲ ಮಳೆ ಚೆನ್ನಾಗಿ ಆಯ್ತು. ಶ್ರಾವಣದಲ್ಲಿ ನಮ್ಮ ಬಾವಿಯಲ್ಲಿ ಮೂರೇ ಮೆಟ್ಟಿಲು ಕಾಣುತ್ತಿದ್ದವು. ಅದೇ ಹೊತ್ತಿಗೆ ನಡುವೆ ಎರಡು ವಾರ ಮಳೆ ಕೈಕೊಟ್ಟು, ಗೋವಿನಜೋಳಕ್ಕೆ ನೀರು ಹಾಯಿಸಬೇಕಾಯಿತು. ಅಣ್ಣ ಪಂಪು ಹಚ್ಚಿದರೆ ನೀರಿಲ್ಲ. ಫುಟ್‌ವಾಲ್ವ್ ಕಟ್ಟಿತ್ತು. ನನಗೆ ಫೋನು ಮಾಡಿದ.

"ನಿನ್ನ ಗುರುಗ ಒಂದ ಮಾತ ಹೇಳಲಾ. ಒಂದು ಮುಳುಗು ಹಾಕಿ ತಗದು ಕೊಡ್ಲಿ."

"ಚೀಲ?" ಎಂದೆ.

"ಐದು ಮಿನಿಟಿನ ಕೆಲಸ, ಏನಾಗ್ತೈತಿ ಅಷ್ಟರಾಗ?"

ಬೈಯಬೇಕಿತ್ತು. ಬೈಯಲಿಲ್ಲ. ಹೇಗಾದರೂ ಸರಿ, ಈ ನೆವದಿಂದಲಾದರೂ ಅವರು ಒಮ್ಮೆ ನೀರಿಗಿಳಿಯಲಿ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ನಾಚಿಕೆ ಬಿಟ್ಟು ಹೋದೆ. ಕಾಕಾನ ಕಣ್ಣು ಹಳದಿಯಾಗಿದ್ದವು, ಕಾಲು ಬಾತಿದ್ದವು. ಹೊರಸಿನ ಪಕ್ಕ ಕುಳಿತು ಅಣ್ಣ ಹೇಳಿದ್ದನ್ನು ಹೇಳಿದೆ. ಅವರು ತುಟಿಯ ಒಂದು ಮಗ್ಗುಲಲ್ಲಿ ನಕ್ಕರು.

"ಈಗ ನೀರು ಹೊಲಸ ಆಗೂದಿಲ್ಲೇನ್ರಿ?"

ನಾನು ತಲೆ ತಗ್ಗಿಸಿದೆ.

"ಇರ್ಲಿ ಬಿಡ್ರಿ. ಎಷ್ಟ ಮೆಟ್ಲ ಕಾಣ್ತಾವ?"

"ಮೂರು." ಈ ಸಲ ನೋಡಿಕೊಂಡೇ ಹೋಗಿದ್ದೆ.

"ಮೂರು," ಎಂದರು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ, "ಮೂರು" ಎಂದರು. ಆಮೇಲೆ ಹೆಂಡತಿಯನ್ನು ಕರೆದು, "ನನ್ನ ಎಬ್ಬಸು. ಚಡ್ಡಿ ಕೊಡು. ಹೋಗಿ ಬರ್ತೇನಿ," ಎಂದರು. ನಾವಿಬ್ಬರೂ ಎರಡು ಕಡೆ ಹಿಡಿದು ನಿಲ್ಲಿಸಿದೆವು. ಒಂದು ಹೆಜ್ಜೆ ಇಟ್ಟರು. ಎರಡನೆಯದಕ್ಕೆ ಕಾಲು ಏಳಲಿಲ್ಲ. ನನ್ನ ಹೆಗಲ ಮೇಲೆ ಅವರ ಭಾರ ಬಿತ್ತು. ಭಾರ ಎಂದೆ, ಏನೂ ಇರಲಿಲ್ಲ ಅದು. ಮತ್ತೆ ಮಲಗಿಸಿದೆವು. ಫುಟ್‌ವಾಲ್ವಿಗೆ ಶಿಗ್ಗಾಂವಿಯ ಕಡೆಯಿಂದ ಯಾರನ್ನೋ ಕರೆಸಿದರು.

ತೀರಿಕೊಂಡದ್ದು ಗಣೇಶ ಚೌತಿ ಆದ ವಾರ, ಮುಂಜಾನೆ. ಕ್ಲಾಸಿನಲ್ಲಿದ್ದಾಗ ಸುದ್ದಿ ಬಂತು. ನಾನು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ನಮ್ಮ ಟ್ರ್ಯಾಕ್ಟರು ನಿಂತಿತ್ತು, ಹಿಂದೆ ನೀರಿನ ಬ್ಯಾರಲ್ಲು. ಕಡೆಯ ಸ್ನಾನ ನಮ್ಮ ಬಾವಿಯ ನೀರಿನಲ್ಲಿ ಆಗಲಿ ಎಂದು ಅವರು ಹೇಳಿದ್ದರಂತೆ, ಒಂದು ಕೊಡ ಸಾಕು ಎಂದು ಹೆಂಡತಿ ಅಣ್ಣನನ್ನು ಕೇಳಿದ್ದರಂತೆ. ಅಣ್ಣ ಬ್ಯಾರಲ್ ತುಂಬ ಕಳಿಸಿದ್ದ. ತಾನೇ ಬಂದು ನಿಂತಿದ್ದ, ಕಣ್ಣು ಕೆಂಪಗಿದ್ದವು. "ಎಷ್ಟ ಬೇಕಾದ್ರೂ ತಗೋರ್ರಿ, ಇನ್ನೊಂದು ಬ್ಯಾರಲ್ ತರಸ್ತೇನಿ," ಎನ್ನುತ್ತಿದ್ದ. ಅವನ ದುಃಖ ಸುಳ್ಳಲ್ಲ. ಹೆಣಕ್ಕೆ ನೀರು ಕೊಡಲು ನಮ್ಮ ಮನೆತನದಲ್ಲಿ ಯಾವತ್ತೂ ಅಡ್ಡಿಯಿರಲಿಲ್ಲ.

ಹಿತ್ತಲ ಬಂಡೆಗಲ್ಲಿನ ಮೇಲೆ ಮಲಗಿಸಿದ್ದರು. ನೀರು ಹಾಕಲು ನಾನೂ ಹೋದೆ. ಅಂಗಿ ತೆಗೆದಾಗ ಹೊಟ್ಟೆಯ ಮೇಲೆ ಚೀಲ ಹಾಗೇ ಇತ್ತು. ಸತ್ತವರಿಗೆ ಅದನ್ನು ತೆಗೆಯುವುದಿಲ್ಲವೇ ಎಂದು ಯಾರೋ ಕೇಳಿದರು. ನೋಡಿದರೆ ಅದು ಹಳೆಯದಲ್ಲ. ಒಂದು ಮಡಿಕೆಯೂ ಇಲ್ಲದ ಹೊಚ್ಚ ಹೊಸದು, ಅಂಚು ನೀಟಾಗಿ ಅಂಟಿಸಿದ್ದು.

"ನಾನ ಹಾಕೇನ್ರಿ," ಎಂದರು ಹೆಂಡತಿ. "ಒಂದು ಹೊಸಾದು ಎತ್ತಿಟ್ಟಿದ್ರು. ತೊಳದು ತೊಳದು ಹಳೇದ ಹಚ್ಚಗೋತಿದ್ರ ಹೊರತು ಅದನ್ನ ಮುಟ್ಟಗೊಡಲಿಲ್ಲ. ನಿಮ್ಮ ಬಾವಿಗೆ ಇಳಿಯೂ ದಿನಕ್ಕ ಅಂತ ಇಟ್ಟಿದ್ರು."

ಯಾರೋ ನನ್ನ ಕೈಗೆ ತಂಬಿಗೆ ಕೊಟ್ಟರು. ಬ್ಯಾರಲ್ಲಿನಿಂದ ತುಂಬಿಕೊಂಡು, ಬಗ್ಗಿ, ಕೆಳಗೆ ಹಿಡಿದು, ಹೆಗಲಿನಿಂದ ಹೊಟ್ಟೆಯ ಮೇಲೆ ಹರಿಯುವಂತೆ ಸುರಿದೆ. ನೀರು ಚೀಲದ ಸುತ್ತ ಬಳಸಿ ಬಂಡೆಗೆ ಇಳಿಯಿತು. ಹೆಂಡತಿ ಬಾಗಿ ಅದನ್ನೇ ನೋಡುತ್ತಿದ್ದರು.

"ಸೋರೇತೇನ್ರಿ ಸರ?"

"ಇಲ್ರಿ," ಎಂದೆ. "ಸೋರಿಲ್ಲ."